ಪರಿಣಾಮದಿಂದ ಪದಾರ್ಥಕ್ಕೆ

ಜೀವವಿಜ್ಞಾನದ ಪ್ರಯೋಗಾಲಯಗಳ ಫ್ರೀಜರುಗಳಲ್ಲಿ ಕಿರುಬೆರಳಿನ ಗಾತ್ರದ ಸೀಸೆಗಳಿರುತ್ತವೆ. ಅಂಥ ಒಂದು ಸೀಸೆಯ ತಳದಲ್ಲಿ ಬಿಳಿಯ ಲೇಪವೊಂದು ಕಂಡೂ ಕಾಣದಂತೆ ಅಂಟಿಕೊಂಡಿರುತ್ತದೆ. ತೂಕ ಹಾಕಿದರೆ ಅದು ಗ್ರಾಮಿನ ಲಕ್ಷದಲ್ಲೊಂದು ಪಾಲಿನಷ್ಟಿದ್ದೀತು. ಚೀಟಿಯ ಮೇಲೆ ಮಾನವ ಇಂಟರ್‌ಫೆರಾನ್, ರೀಕಾಂಬಿನೆಂಟ್ ಎಂದು ಬರೆದಿರುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡತಕ್ಕದ್ದಲ್ಲ. ವೈರಸ್ ಹೊಕ್ಕಾಗ ನಮ್ಮ ಜೀವಕೋಶಗಳು ಸುತ್ತಲಿನ ಕೋಶಗಳಿಗೆ ಎಚ್ಚರಿಕೆ ಕೊಡಲು ಸ್ರವಿಸುವ ಪ್ರೋಟೀನ್ ಇದು. ಜೀನು ಮನುಷ್ಯನದು, ತಯಾರಿಸಿದ್ದು ಬ್ಯಾಕ್ಟೀರಿಯಾ, ಬಳಕೆ ಮಾತ್ರ ಪ್ಲಾಸ್ಟಿಕ್ ತಟ್ಟೆಯಲ್ಲಿ. ಇಂಟರ್‌ಫೆರಾನಿನ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಔಷಧದ ಚರಿತ್ರೆಯಾಗಿ ಹೇಳುತ್ತಾರೆ. 1957ರಲ್ಲಿ ಅದಕ್ಕೆ ಹೆಸರು ಬಂತು, 1970ರ ದಶಕದಲ್ಲಿ ಕ್ಯಾನ್ಸರನ್ನೇ ಅಳಿಸಿಬಿಡುತ್ತದೆಂದು ಕೊಂಡಾಡಿಸಿಕೊಂಡಿತು, 1980ರ ದಶಕದಲ್ಲಿ ಜೀನ್ ತಂತ್ರಜ್ಞಾನದಿಂದ ಹೇರಳವಾಗಿ ಸಿಕ್ಕಿತು, ಸಿಕ್ಕ ಮೇಲೆ ನಿರಾಸೆ ಮಾಡಿತು. ಈ ಕಥೆ ಸುಳ್ಳಲ್ಲ, ಆದರೆ ಆ ಪುಟ್ಟ ಸೀಸೆಯನ್ನು ಬದಿಗಿಟ್ಟು ಹೇಳಿದ ಕಥೆ. ರೀಕಾಂಬಿನೆಂಟ್ ತಂತ್ರ ಇಂಟರ್‌ಫೆರಾನಿಗೆ ಮಾಡಿದ ಮುಖ್ಯ ಉಪಕಾರ ಅದನ್ನು ಅಗ್ಗ ಮಾಡಿದ್ದಕ್ಕಿಂತ ಹೆಚ್ಚಿನದು ಎಂಬುದು ಈ ಬರಹದ ವಾದ. ಅದುವರೆಗೆ ಬರಿಯ ಪರಿಣಾಮವಾಗಿ ತಿಳಿದಿದ್ದದ್ದನ್ನು ಅದು ಪದಾರ್ಥವಾಗಿಸಿತು. ಅದರ ಫಲ ಮೊದಲು ದಕ್ಕಿದ್ದು ಪ್ರಯೋಗಾಲಯಕ್ಕೆ. ರೋಗಿಗೆ ತಲುಪಿದ್ದರಲ್ಲಿ ದೊಡ್ಡ ಪಾಲು ಅಲ್ಲಿಂದ ಬಳಸುದಾರಿಯಲ್ಲಿ ಬಂದದ್ದು.

ಒಂದು ವೈರಸ್ ಸೋಕಿದ ದೇಹದಲ್ಲಿ ಇನ್ನೊಂದು ವೈರಸ್ ಸುಲಭವಾಗಿ ಬೇರೂರುವುದಿಲ್ಲ ಎಂಬುದು 1930ರ ದಶಕದಲ್ಲೇ ಗೊತ್ತಿತ್ತು. ರಿಫ್ಟ್ ಕಣಿವೆ ಜ್ವರದ ವೈರಸ್ ತಗುಲಿದ ಮಂಗಗಳು ಹಳದಿ ಜ್ವರದಿಂದ ಪಾರಾಗುವುದನ್ನು 1937ರಲ್ಲಿ ಫಿಂಡ್ಲೇ ಮತ್ತು ಮೆಕಲಂ ವರದಿ ಮಾಡಿದ್ದರು. ಈ ಅಡ್ಡಿಗೆ ಕಾರಣವೇನು ಎಂಬ ಪ್ರಶ್ನೆಯನ್ನು ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದ ತರುಣ ಜಾನ್ ಲಿಂಡೆನ್‌ಮನ್ ಎತ್ತಿಕೊಂಡರು. ಕೋಳಿಮೊಟ್ಟೆಯೊಳಗಿನ ಭ್ರೂಣದ ಪೊರೆಯ ಚೂರುಗಳನ್ನು ಅವರು ಕಾಯಿಸಿ ಸತ್ವಗುಂದಿಸಿದ ಇನ್‌ಫ್ಲುಯೆಂಜಾ ವೈರಸ್ಸಿನ ಜೊತೆ ಇಟ್ಟರು. ಬಳಿಕ ಚೂರುಗಳನ್ನು ತೆಗೆದು, ಉಳಿದ ದ್ರವವನ್ನು ಮಾತ್ರ ಹೊಸ ಪೊರೆಗಳ ಮೇಲೆ ಸುರಿದರು. ಹೊಸ ಪೊರೆಗಳಲ್ಲಿ ಜೀವಂತ ವೈರಸ್ ಬೆಳೆಯಲಿಲ್ಲ. ಅಡ್ಡಿಪಡಿಸುತ್ತಿದ್ದದ್ದು ಮೊದಲ ವೈರಸ್ ಅಲ್ಲ, ಅದನ್ನು ಕಂಡ ಕೋಶಗಳು ಹೊರಬಿಟ್ಟ ಇನ್ನೇನೋ ಎಂದು ಇದರಿಂದ ಹೊಳೆಯಿತು. ಅಡ್ಡಿಪಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಪದದಿಂದಲೇ ಇಂಟರ್‌ಫೆರಾನ್ ಎಂಬ ಹೆಸರು ಹುಟ್ಟಿತು. ಜಪಾನಿನಲ್ಲಿ ನಗಾನೋ ಮತ್ತು ಕೊಜಿಮಾ 1954ರಲ್ಲಿಯೇ ಮೊಲಗಳ ಚರ್ಮದಲ್ಲಿ ಇಂಥದೇ ಒಂದು ತಡೆಶಕ್ತಿಯನ್ನು ಕಂಡು ಫ್ರೆಂಚ್ ಭಾಷೆಯಲ್ಲಿ ಬರೆದಿದ್ದರು. ಅದು ಆಗ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಲಂಡನ್ನಿನ ಪ್ರಬಂಧಗಳು ಕಣ್ಣಿಗೆ ಬಿದ್ದವು, ಆದರೆ ನಂಬಿಕೆ ಗಳಿಸಲಿಲ್ಲ. ತಪ್ಪರ್ಥ ಎಂಬುದಕ್ಕೆ ಇಂಟರ್‌ಫೆರಾನಿನ ಬಾಲ ಜೋಡಿಸಿ ‘ಮಿಸ್‌ಇಂಟರ್‌ಪ್ರೆಟಾನ್’ ಎಂದು ಕೆಲವು ವಿಜ್ಞಾನಿಗಳು ಲೇವಡಿ ಮಾಡಿದರು.

ಆ ಲೇವಡಿಯನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. ಇಂಟರ್‌ಫೆರಾನನ್ನು ಯಾರೂ ಕಂಡಿರಲಿಲ್ಲ, ಬೇರ್ಪಡಿಸಿರಲಿಲ್ಲ, ತೂಗಿರಲಿಲ್ಲ. ಹೆಪ್ಪು ಹಾಕುವವರಿಗೆ ಹೆಪ್ಪಿನಲ್ಲಿ ಏನಿದೆ ಎಂದು ಗೊತ್ತಿರಬೇಕಾಗಿಲ್ಲ. ಬೆಳಿಗ್ಗೆ ಹಾಲು ಮೊಸರಾದರೆ ಹೆಪ್ಪು ಒಳ್ಳೆಯದು, ಆಗದಿದ್ದರೆ ಕೆಟ್ಟದ್ದು. ಇಂಟರ್‌ಫೆರಾನಿನ ಅಳತೆಯೂ ಹೀಗೆಯೇ ಇತ್ತು. ದ್ರವವನ್ನು ಹಂತಹಂತವಾಗಿ ತೆಳುಮಾಡುತ್ತ ಹೋಗುವುದು, ಕೋಶಗಳ ಮೇಲೆ ಹಾಕುವುದು, ಆಮೇಲೆ ವೈರಸ್ ಬಿಡುವುದು, ವೈರಸ್ಸಿನ ಹಾನಿ ಅರ್ಧಕ್ಕೆ ಇಳಿಯುವಷ್ಟು ತೆಳುವಾದಲ್ಲಿ ಅದನ್ನು ಒಂದು ಯೂನಿಟ್ ಎಂದು ಕರೆಯುವುದು. ಯೂನಿಟ್ ಎಂದರೆ ಕೆಲಸದ ಅಳತೆಯೇ ಹೊರತು ವಸ್ತುವಿನದಲ್ಲ. ಒಂದು ಪ್ರಯೋಗಾಲಯದ ಸಾವಿರ ಯೂನಿಟ್ಟಿನಲ್ಲಿ ಇಂಟರ್‌ಫೆರಾನಿನ ಜೊತೆ ಬೇರೆ ಯಾವ ಪ್ರೋಟೀನುಗಳು ಎಷ್ಟಿವೆ, ಇನ್ನೊಂದು ಪ್ರಯೋಗಾಲಯದ ಸಾವಿರ ಯೂನಿಟ್ಟಿನಲ್ಲಿ ಎಷ್ಟಿವೆ ಎಂದು ಹೇಳುವ ಮಾರ್ಗವಿರಲಿಲ್ಲ. ವೈರಸ್ ತಡೆಯುವುದರ ಜೊತೆಗೆ ಇಂಟರ್‌ಫೆರಾನ್ ಗೆಡ್ಡೆಗಳ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ ಎಂದು ಫ್ರಾನ್ಸಿನಲ್ಲಿ ಅಯಾನ್ ಗ್ರೆಸರ್ ಇಲಿಗಳಲ್ಲಿ ತೋರಿಸಿದಾಗ ಸಂದೇಹವಾದಿಗಳು ಎತ್ತಿದ ಪ್ರಶ್ನೆಯೂ ಇದೇ: ಈ ಕೆಲಸ ಮಾಡಿದ್ದು ಇಂಟರ್‌ಫೆರಾನೋ, ಅದರ ಜೊತೆಗಿರುವ ಕಲ್ಮಶವೋ? ಐಸಾಕ್ಸ್ 1967ರಲ್ಲಿ, ತಮ್ಮ 45ನೇ ವಯಸ್ಸಿನಲ್ಲಿ ತೀರಿಕೊಂಡರು. ತಾವು ಹೆಸರಿಟ್ಟ ವಸ್ತುವನ್ನು ಶುದ್ಧ ರೂಪದಲ್ಲಿ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ.

ಮನುಷ್ಯರ ಇಂಟರ್‌ಫೆರಾನನ್ನು ಚಿಕಿತ್ಸೆಗೆ ಸಾಕಾಗುವಷ್ಟು ಕೂಡಿಸಿದ ಶ್ರೇಯಸ್ಸು ಬಹುಮಟ್ಟಿಗೆ ಫಿನ್ಲೆಂಡಿನ ಕಾರಿ ಕಾಂಟೆಲ್ ಅವರದು. ಹೆಲ್ಸಿಂಕಿಯಲ್ಲಿ ಕುಳಿತು ಅವರು ಕಂಡುಕೊಂಡ ದಾರಿ ಮಿತವ್ಯಯದ ದಾರಿ. ರೆಡ್ ಕ್ರಾಸಿಗೆ ಜನ ದಾನ ಮಾಡಿದ ರಕ್ತದಲ್ಲಿ ಕೆಂಪುಕಣಗಳು, ಪ್ಲಾಸ್ಮಾ ಆಸ್ಪತ್ರೆಗಳಿಗೆ ಹೋಗುತ್ತಿದ್ದವು, ಬಿಳಿಕಣಗಳು ಯಾರಿಗೂ ಬೇಡವಾಗಿದ್ದವು. ಬೇಡವಾದ ಆ ಬಿಳಿಕಣಗಳನ್ನು ಕಾಂಟೆಲ್ ತರಿಸಿಕೊಂಡು, ಸೆಂಡಾಯ್ ಎಂಬ ವೈರಸ್ಸನ್ನು ಸೋಕಿಸಿ, ಅವು ಸ್ರವಿಸಿದ ಇಂಟರ್‌ಫೆರಾನನ್ನು ಹಿಡಿದಿಟ್ಟರು. ಒಂದು ದೇಶದ ರಕ್ತದಾನಿಗಳೇ ಒಂದು ಕಾರ್ಖಾನೆಯಾದರು. 1970ರ ದಶಕದುದ್ದಕ್ಕೂ ಜಗತ್ತಿನಲ್ಲಿ ಬಳಕೆಯಾದ ಮಾನವ ಇಂಟರ್‌ಫೆರಾನಿನ ಬಹುಪಾಲು ಹೀಗೆ ಹೆಲ್ಸಿಂಕಿಯಿಂದ ಹೊರಟದ್ದು. ಆದರೂ ಸಾವಿರಾರು ಲೀಟರ್ ರಕ್ತವನ್ನು ಶೋಧಿಸಿದ ಮೇಲೆ ಕೈಗೆ ಬರುತ್ತಿದ್ದ ಪುಡಿಯಲ್ಲಿ ನಿಜವಾದ ಇಂಟರ್‌ಫೆರಾನ್ ನೂರರಲ್ಲಿ ಒಂದು ಪಾಲೂ ಇರುತ್ತಿರಲಿಲ್ಲ. ಶುದ್ಧ ಇಂಟರ್‌ಫೆರಾನಿನ ಒಂದು ಮಿಲಿಗ್ರಾಮಿನಲ್ಲಿ ಸುಮಾರು 20 ಕೋಟಿ ಯೂನಿಟ್ ಇರುತ್ತದೆಂದು ಆಮೇಲೆ ತಿಳಿಯಿತು. ಕಾಂಟೆಲ್ ಅವರ ಪುಡಿಯಲ್ಲಿ ಇದ್ದದ್ದು ಹತ್ತು ಲಕ್ಷದ ಆಸುಪಾಸು. ಉಳಿದದ್ದೆಲ್ಲ ಹೆಸರು ಗೊತ್ತಿಲ್ಲದ ಪ್ರೋಟೀನುಗಳು. ಸ್ಟಾಕ್‌ಹೋಮಿನಲ್ಲಿ ಹಾನ್ಸ್ ಸ್ಟ್ರಾಂಡರ್ ಈ ಪುಡಿಯನ್ನು ಮೂಳೆ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು ಆಶಾದಾಯಕ ಫಲ ಕಂಡರು. ಅಮೆರಿಕದಲ್ಲಿ ಮಥಿಲ್ಡೆ ಕ್ರಿಮ್ ಅದರ ಪರವಾಗಿ ಬಿಡದೆ ವಾದಿಸಿದರು. 1978ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಇಂಟರ್‌ಫೆರಾನಿನ ಪರೀಕ್ಷೆಗಾಗಿ 20 ಲಕ್ಷ ಡಾಲರ್ ತೆಗೆದಿರಿಸಿತು. 1980ರ ಮಾರ್ಚ್ ಕೊನೆಯಲ್ಲಿ ಟೈಮ್ ಪತ್ರಿಕೆ ಅದನ್ನು ಮುಖಪುಟಕ್ಕೇರಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವೈದ್ಯಚರಿತ್ರೆಯಲ್ಲಿ ಸಿಗುವುದು ಕಷ್ಟ.

ಅದೇ ಹೊತ್ತಿಗೆ ಇನ್ನೊಂದು ದಾರಿ ತೆರೆಯುತ್ತಿತ್ತು. ಒಂದು ಜೀವಿಯ ಜೀನನ್ನು ತೆಗೆದು ಇನ್ನೊಂದರ ಡಿಎನ್‌ಎಗೆ ಜೋಡಿಸುವ ರೀಕಾಂಬಿನೆಂಟ್ ತಂತ್ರ, ಮಾವಿನ ಗಿಡಕ್ಕೆ ಬೇರೆ ತಳಿಯ ಕುಡಿ ಕಟ್ಟುವಂಥ ಒಂದು ಕಸಿ, 1970ರ ದಶಕದ ಆರಂಭದಲ್ಲಿ ಸಾಧ್ಯವಾಗಿತ್ತು. ಇಂಟರ್‌ಫೆರಾನಿನ ಜೀನನ್ನು ಹೀಗೆ ಬ್ಯಾಕ್ಟೀರಿಯಾದೊಳಗೆ ಕಟ್ಟಬಹುದಾದರೆ ರಕ್ತಕ್ಕಾಗಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಆದರೆ ರೂಪವೇ ಗೊತ್ತಿಲ್ಲದ ಪ್ರೋಟೀನಿನ ಜೀನನ್ನು ಹುಡುಕುವುದು ಹೇಗೆ? ಜ್ಯೂರಿಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ವೈಸ್‌ಮನ್ ಮತ್ತು ಅವರ ಜೊತೆಗಿದ್ದ ಶಿಗೆಕಾಜು ನಗಾತಾ ಇಲ್ಲಿಯೂ ಪರಿಣಾಮವನ್ನೇ ಹಿಡಿದು ಹೊರಟರು. ಕಾಂಟೆಲ್ ಕಳಿಸಿದ, ವೈರಸ್ ಸೋಕಿದ ಬಿಳಿಕಣಗಳಿಂದ ಸಂದೇಶವಾಹಕ ಆರ್‌ಎನ್‌ಎ ತೆಗೆದು ಅದರ ಡಿಎನ್‌ಎ ನಕಲುಗಳನ್ನು ಮಾಡಿ ಸಾವಿರಾರು ಬ್ಯಾಕ್ಟೀರಿಯಾ ಕುಲಗಳಲ್ಲಿ ಹಂಚಿಟ್ಟರು. ಯಾವ ಕುಲದ ಡಿಎನ್‌ಎ ಇಂಟರ್‌ಫೆರಾನಿನ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ ಎಂದು ಗುಂಪುಗುಂಪಾಗಿ ಸೋಸುತ್ತ ಬಂದರು. ಅಂಟಿಕೊಂಡ ಆರ್‌ಎನ್‌ಎಯನ್ನು ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಅಂಡಕ್ಕೆ ಚುಚ್ಚಿದರೆ ಅಂಡವು ಅದನ್ನು ಓದಿ ಇಂಟರ್‌ಫೆರಾನ್ ತಯಾರಿಸುತ್ತಿತ್ತು. ಆ ದ್ರವ ಕೋಶಗಳನ್ನು ವೈರಸ್ಸಿನಿಂದ ಕಾಪಾಡಿದರೆ ಹುಡುಕಾಟ ಸರಿದಾರಿಯಲ್ಲಿದೆ ಎಂದರ್ಥ. 1979ರ ಡಿಸೆಂಬರ್ ಕೊನೆಯಲ್ಲಿ ಬ್ಯಾಕ್ಟೀರಿಯಾದ ಸಾರವೇ ಕೋಶಗಳನ್ನು ಕಾಪಾಡಿತು. 1980ರ ಜನವರಿ 16ರಂದು ಬಾಸ್ಟನ್ನಿನಲ್ಲಿ, ವೈಸ್‌ಮನ್ ಸ್ಥಾಪಕರಲ್ಲೊಬ್ಬರಾಗಿದ್ದ ಬಯೋಜೆನ್ ಕಂಪನಿ ಇದನ್ನು ಪತ್ರಕರ್ತರ ಮುಂದೆ ಸಾರಿತು. ಒಂದೊಂದು ಬ್ಯಾಕ್ಟೀರಿಯಾದಲ್ಲಿ ಆಗ ತಯಾರಾಗಿದ್ದದ್ದು ಇಂಟರ್‌ಫೆರಾನಿನ ಒಂದೋ ಎರಡೋ ಅಣು. ಟೋಕಿಯೋದಲ್ಲಿ ತಡಾತ್ಸುಗು ತನಿಗುಚಿ ಹೆಚ್ಚುಕಡಿಮೆ ಅದೇ ವೇಳೆಗೆ ಬೀಟಾ ಎಂಬ ಬಗೆಯ ಇಂಟರ್‌ಫೆರಾನಿನ ಜೀನನ್ನು ಹಿಡಿದಿದ್ದರು. ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಕಂಪನಿ ರೋಶ್ ಜೊತೆ ಸೇರಿ ಅದೇ ವರ್ಷ ಬ್ಯಾಕ್ಟೀರಿಯಾದಿಂದ ದೊಡ್ಡ ಪ್ರಮಾಣದಲ್ಲಿ ಇಂಟರ್‌ಫೆರಾನ್ ತೆಗೆಯುವ ದಾರಿ ಕಂಡುಕೊಂಡಿತು.

ಜೀನು ಕೈಗೆ ಬಂದೊಡನೆ ಮೊದಲು ಒಡೆದದ್ದು ಇಂಟರ್‌ಫೆರಾನ್ ಎಂಬ ಏಕವಚನ. ಹೆಲ್ಸಿಂಕಿಯ ಪುಡಿಯಲ್ಲಿದ್ದದ್ದು ಒಂದು ಪ್ರೋಟೀನ್ ಆಗಿರಲಿಲ್ಲ, ಒಂದು ಒಟ್ಟು ಕುಟುಂಬವೇ ಆಗಿತ್ತು. ಆಲ್ಫಾ ಇಂಟರ್‌ಫೆರಾನಿಗೇ ಮನುಷ್ಯರಲ್ಲಿ ಹನ್ನೆರಡಕ್ಕೂ ಹೆಚ್ಚು ಜೀನುಗಳಿವೆ. ಚರ್ಮದ ತಂತುಕೋಶಗಳಂಥವು ಸ್ರವಿಸುವ ಬೀಟಾ ಬೇರೆ. ರೋಗನಿರೋಧಕ ಕೋಶಗಳು ಸ್ರವಿಸುವ ಗ್ಯಾಮಾ ಇನ್ನೂ ಬೇರೆ, ಅದರ ಜೀನು 1982ರಲ್ಲಿ ಜೆನೆನ್‌ಟೆಕ್‌ನಲ್ಲಿ ಸಿಕ್ಕಿತು. ಇಪ್ಪತ್ತೈದು ವರ್ಷಗಳ ಕಾಲ ವಿಜ್ಞಾನಿಗಳು ಒಂದೇ ಹೆಸರಿನಿಂದ ಕರೆಯುತ್ತಿದ್ದದ್ದರ ಒಳಗೆ ಹಲವು ವಸ್ತುಗಳಿದ್ದವು. ಹಳೆಯ ಪ್ರಬಂಧಗಳ ಫಲಿತಾಂಶಗಳು ಪರಸ್ಪರ ತಾಳೆಯಾಗದೆ ಇದ್ದುದಕ್ಕೆ ಇದೂ ಒಂದು ಕಾರಣ. ಎರಡನೆಯ ಪಾಠ ಜ್ವರದ್ದು. ಹೆಲ್ಸಿಂಕಿಯ ಪುಡಿ ತೆಗೆದುಕೊಂಡ ರೋಗಿಗಳಿಗೆ ಚಳಿಜ್ವರ, ಮೈಕೈ ನೋವು, ವಿಪರೀತ ಸುಸ್ತು ಬರುತ್ತಿದ್ದವು. ಇದು ಕಲ್ಮಶಗಳ ಕೆಲಸ, ಶುದ್ಧ ವಸ್ತು ಸಿಕ್ಕರೆ ಈ ಕಾಟ ತಪ್ಪುತ್ತದೆ ಎಂದು ಹಲವರು ನಂಬಿದ್ದರು. 1981ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಶುದ್ಧ ಇಂಟರ್‌ಫೆರಾನನ್ನು ಮೊದಲ ಬಾರಿಗೆ ರೋಗಿಗಳಿಗೆ ಕೊಟ್ಟಾಗಲೂ ಅದೇ ಚಳಿ, ಅದೇ ಜ್ವರ, ಅದೇ ಸುಸ್ತು. ಜ್ವರ ಬರಿಸುವುದು ಇಂಟರ್‌ಫೆರಾನಿನದೇ ಸ್ವಭಾವವಾಗಿತ್ತು. ಫ್ಲೂ ಬಂದಾಗ ನಮ್ಮನ್ನು ಹಾಸಿಗೆಗೆ ಕೆಡವುವುದರಲ್ಲಿ ವೈರಸ್ಸಿನ ಜೊತೆ ನಮ್ಮದೇ ಪ್ರೋಟೀನಿನ ಕೈಯೂ ಇದೆ ಎಂಬ ತಿಳಿವಳಿಕೆಗೆ ಇಲ್ಲಿ ಗಟ್ಟಿಯಾದ ಆಧಾರ ದೊರೆಯಿತು. ರೋಗಿಗಳ ಮಟ್ಟಿಗೆ ಇದು ಕೆಟ್ಟ ಸುದ್ದಿ. ಜ್ಞಾನದ ಮಟ್ಟಿಗೆ, ಇಪ್ಪತ್ತು ವರ್ಷ ಎಳೆದಾಡಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರ.

ಔಷಧವಾಗಿ ಇಂಟರ್‌ಫೆರಾನಿನ ಮುಂದಿನ ಬಾಳನ್ನು ಬೇಗ ಹೇಳಿ ಮುಗಿಸಬಹುದು. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ರೀಕಾಂಬಿನೆಂಟ್ ಆಲ್ಫಾ ಇಂಟರ್‌ಫೆರಾನಿಗೆ ಒಪ್ಪಿಗೆ ಕೊಟ್ಟರು, ಆದರೆ ಅದು ಹೇರಿ ಸೆಲ್ ಲ್ಯುಕೀಮಿಯಾ ಎಂಬ ಅಪರೂಪದ ರಕ್ತ ಕ್ಯಾನ್ಸರಿಗೆ. 1991ರಿಂದ ಹೆಪಟೈಟಿಸ್ ಸಿ ರೋಗಕ್ಕೆ ಅದೇ ಮುಖ್ಯ ಆಸರೆಯಾಯಿತು, 2013ರ ಬಳಿಕ ಬಂದ ಗುಳಿಗೆಗಳು ಆ ಜಾಗವನ್ನೂ ಕಿತ್ತುಕೊಂಡವು. ಬೀಟಾ ಇಂಟರ್‌ಫೆರಾನ್ 1993ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಬಳಕೆಗೆ ಬಂತು. ಇವು ಸಣ್ಣ ಸಾಧನೆಗಳಲ್ಲ, ಸಾವಿರಾರು ಜನ ಇವುಗಳಿಂದ ಬದುಕಿದ್ದಾರೆ. ಆದರೆ 1980ರ ಮುಖಪುಟದ ಆಸೆಯ ಪಕ್ಕದಲ್ಲಿಟ್ಟು ನೋಡಿದವರಿಗೆ ಬೆಟ್ಟ ಅಗೆದು ಇಲಿ ಹಿಡಿದಂತೆ ಕಂಡರೆ ಆಶ್ಚರ್ಯವಿಲ್ಲ. ಔಷಧದ ಚರಿತ್ರೆಕಾರರು ಲೆಕ್ಕ ಮುಗಿಸುವುದು ಇಲ್ಲಿಯೇ.

ಸೀಸೆಯ ಲೆಕ್ಕ ಆರಂಭವಾಗುವುದೂ ಇಲ್ಲಿಂದಲೇ. ಒಂದು ಪ್ರೋಟೀನ್ ಇನ್ನೇನೂ ಬೆರೆಯದೆ, ಇಂಥದೇ ಅಮೈನೋ ಆಮ್ಲಗಳ ಸರಣಿಯಾಗಿ, ಎಲ್ಲ ಊರಿನ ಪ್ರಯೋಗಾಲಯಗಳಲ್ಲೂ ಒಂದೇ ಆಗಿ ಸಿಗತೊಡಗಿದಾಗ ಕೇಳಬಹುದಾದ ಪ್ರಶ್ನೆಗಳೇ ಬದಲಾದವು. ಇಂಟರ್‌ಫೆರಾನ್ ಕೋಶದ ಯಾವ ಬಾಗಿಲು ತಟ್ಟುತ್ತದೆ? ಮಾನವ ಆಲ್ಫಾ ಇಂಟರ್‌ಫೆರಾನುಗಳಲ್ಲಿ ಒಂದು ಬಗೆ ಇಲಿಯ ಕೋಶಗಳಿಗೆ ತಾಗುವುದೇ ಇಲ್ಲ. ಈ ಬಗೆ ಪ್ರತ್ಯೇಕವಾಗಿ ಸಿಕ್ಕಿದ್ದರಿಂದ, ಫ್ರಾನ್ಸಿನಲ್ಲಿ ಜಿಲ್ ಯೂಜೆ ಮತ್ತು ಸಂಗಡಿಗರು ಮನುಷ್ಯರ ಡಿಎನ್‌ಎಯನ್ನು ಇಲಿಯ ಕೋಶಗಳಿಗೆ ಸೇರಿಸಿ, ಯಾವ ಕೋಶ ಅದಕ್ಕೆ ಓಗೊಡುತ್ತದೆಂದು ಹುಡುಕಿ 1990ರಲ್ಲಿ ಆ ಬಾಗಿಲಿನ ಜೀನನ್ನು ಹಿಡಿದರು. ಹತ್ತು ಬಗೆಯ ಇಂಟರ್‌ಫೆರಾನ್ ಕಲಸಿದ ಹಳೆಯ ಪುಡಿಯಲ್ಲಿ ಇಂಥ ಪ್ರಯೋಗವನ್ನು ಯೋಚಿಸಲೂ ಸಾಧ್ಯವಿರಲಿಲ್ಲ. ಬಾಗಿಲು ತಟ್ಟಿದ ಸದ್ದು ಕೋಶದ ಒಳಮನೆಯಲ್ಲಿರುವ ಜೀನುಗಳಿಗೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆಯನ್ನು ನ್ಯೂಯಾರ್ಕಿನಲ್ಲಿ ಜೇಮ್ಸ್ ಡಾರ್ನೆಲ್, ಲಂಡನ್ನಿನಲ್ಲಿ ಜಾರ್ಜ್ ಸ್ಟಾರ್ಕ್ ಮತ್ತು ಇಯಾನ್ ಕರ್ ಹಿಡಿದರು. ಇಂಟರ್‌ಫೆರಾನಿಗೆ ಕಿವುಡಾದ ಕೋಶಗಳನ್ನು ಬೆಳೆಸಿ, ಯಾವ ಜೀನು ಮರಳಿಸಿದರೆ ಕಿವಿ ಬರುತ್ತದೆಂದು ನೋಡುತ್ತ, 1990ರ ದಶಕದ ಮೊದಲ ವರ್ಷಗಳಲ್ಲಿ ಜಾಕ್ ಮತ್ತು ಸ್ಟ್ಯಾಟ್ ಎಂಬ ಪ್ರೋಟೀನುಗಳ ಸರಪಳಿಯನ್ನು ಅವರು ಬಿಡಿಸಿಟ್ಟರು. ಈ ಸರಪಳಿ ಇಂಟರ್‌ಫೆರಾನ್ ಒಂದರದೇ ಅಲ್ಲ, ರೋಗನಿರೋಧಕ ವ್ಯವಸ್ಥೆಯ ಹತ್ತಾರು ಸಂದೇಶಗಳು ಸಾಗುವ ಹೆದ್ದಾರಿ ಎಂದು ಬೇಗನೆ ಗೊತ್ತಾಯಿತು. ಅದನ್ನು ತಡೆಯುವ ರುಕ್ಸೊಲಿಟಿನಿಬ್ 2011ರಲ್ಲಿ ಒಂದು ಬಗೆಯ ಅಸ್ಥಿಮಜ್ಜೆಯ ರೋಗಕ್ಕೆ, ಟೊಫಾಸಿಟಿನಿಬ್ 2012ರಲ್ಲಿ ಕೀಲುವಾತಕ್ಕೆ ಗುಳಿಗೆಗಳಾಗಿ ಬಂದವು. ಇಂಟರ್‌ಫೆರಾನನ್ನು ಚುಚ್ಚಿಸಿಕೊಳ್ಳದ ರೋಗಿಗೂ ಇಂಟರ್‌ಫೆರಾನಿನಿಂದ ಉಪಕಾರವಾದದ್ದು ಹೀಗೆ.

ಇನ್ನೆರಡು ಸಾಕ್ಷಿಗಳು ನಮಗೆ ಹೆಚ್ಚು ಹತ್ತಿರದವು. ಕೋವಿಡ್ ಹಬ್ಬಿದ 2020ರಲ್ಲಿ, ಕೆಲವರಿಗೆ ಮಾತ್ರ ಅದು ಪ್ರಾಣಾಂತಿಕವಾಗುವುದೇಕೆ ಎಂಬ ಪ್ರಶ್ನೆಯನ್ನು ಒಂದು ಅಂತರರಾಷ್ಟ್ರೀಯ ತಂಡ ಎತ್ತಿಕೊಂಡಿತು. ಸಾವಿನಂಚಿಗೆ ಹೋದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಬೇಲಿಯೇ ಎದ್ದು ಹೊಲ ಮೇಯುವಂತೆ, ಕಾಯಬೇಕಾದ ಪ್ರತಿಕಾಯ ಕಾವಲುಗಾರನನ್ನೇ ಹಿಡಿದಿತ್ತು. ಇದನ್ನು ತೋರಿಸಿದ್ದು ಸರಳ ಪ್ರಯೋಗ: ಕೋಶಗಳಿಗೆ ಸೀಸೆಯ ಇಂಟರ್‌ಫೆರಾನ್ ಕೊಡು, ಜೊತೆಗೆ ರೋಗಿಯ ಪ್ಲಾಸ್ಮಾ ಸೇರಿಸು, ಕೋಶಗಳು ಓಗೊಡುತ್ತವೆಯೋ ಇಲ್ಲವೋ ನೋಡು. ಎರಡನೆಯದು ಕ್ಷಯದ ಸೋಂಕಿಗೆ ಮಾಡುವ ರಕ್ತಪರೀಕ್ಷೆ. ರಕ್ತಕ್ಕೆ ಕ್ಷಯದ ರೋಗಾಣುವಿನ ಪ್ರೋಟೀನುಗಳನ್ನು ಸೇರಿಸಿ, ಆ ರಕ್ತದ ಕೋಶಗಳು ಎಷ್ಟು ಗ್ಯಾಮಾ ಇಂಟರ್‌ಫೆರಾನ್ ಸ್ರವಿಸುತ್ತವೆಂದು ಅಳೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಮಿಲಿಲೀಟರಿಗೆ 0.35 ಯೂನಿಟ್ ಎಂಬುದು ಗಡಿರೇಖೆ. ಆ ರೇಖೆಯನ್ನು ಎಳೆಯಲು ಕಿಟ್ಟಿನಲ್ಲೇ ಬರುವ ಅಳತೆಗೋಲು ರೀಕಾಂಬಿನೆಂಟ್ ಗ್ಯಾಮಾ ಇಂಟರ್‌ಫೆರಾನ್. ಯೂನಿಟ್ ಎಂಬ ಹಳೆಯ ಮಾತು ಇಲ್ಲಿ ಇನ್ನೂ ಉಳಿದಿದೆ, ಆದರೆ ಅದರ ಹಿಂದೆ ಈಗ ತೂಗಬಲ್ಲ ವಸ್ತುವಿದೆ. ತೂಕದ ಕಲ್ಲೇ ನಂಬುವಂತಿಲ್ಲದ ಅಂಗಡಿಯಲ್ಲಿ ತಕ್ಕಡಿ ಎಷ್ಟು ಚೆನ್ನಾಗಿದ್ದರೇನು?

ಈ ವಾದಕ್ಕೆ ಎದುರಾಗಿ ಮೂರು ಮಾತು ಹೇಳಬಹುದು. ಮೊದಲನೆಯದು, ಶುದ್ಧ ಇಂಟರ್‌ಫೆರಾನ್ ಕಸಿಗೂ ಮೊದಲೇ ಸಿಕ್ಕಿತ್ತಲ್ಲವೇ ಎಂಬುದು. ಹೌದು. ನ್ಯೂಜೆರ್ಸಿಯ ರೋಶ್ ಸಂಸ್ಥೆಯಲ್ಲಿ ಸಿಡ್ನಿ ಪೆಸ್ಟ್ಕಾ ಮತ್ತು ಮೆನಾಹೆಮ್ ರೂಬಿನ್‌ಸ್ಟೈನ್ ಹೊಸ ಬಗೆಯ ಸೋಸುವ ಯಂತ್ರಗಳಿಂದ ಬಿಳಿಕಣಗಳ ಇಂಟರ್‌ಫೆರಾನನ್ನು ಪೂರ್ತಿ ಶುದ್ಧಗೊಳಿಸಿ 1979ರಲ್ಲಿ ಪ್ರಕಟಿಸಿದ್ದರು. ವಸ್ತು ಇದೆಯೇ ಇಲ್ಲವೇ ಎಂಬ ತತ್ವದ ಪ್ರಶ್ನೆ ಅಲ್ಲಿಗೆ ಮುಗಿಯಿತು ಎಂದು ಒಪ್ಪೋಣ. ಆದರೆ ಅವರಿಗೆ ದಕ್ಕಿದ್ದು ಆ ಒಂದು ಪ್ರಯೋಗಾಲಯಕ್ಕೆ ಸಾಲುವ ಕಣದಷ್ಟು. ಇನ್ನೊಬ್ಬರು ಅದನ್ನು ಪರಿಶೀಲಿಸಬೇಕಾದರೆ ಮತ್ತೆ ರಕ್ತ, ಮತ್ತೆ ಯಂತ್ರ, ಮತ್ತೆ ತಿಂಗಳುಗಳ ದುಡಿಮೆ ಬೇಕು. ಒಬ್ಬರ ಕೈಯಲ್ಲಿರುವ ಶುದ್ಧ ವಸ್ತು ಒಂದು ಸಾಧನೆ. ಎಲ್ಲರ ಕೈಗೂ ಅದೇ ವಸ್ತು ಬಂದಾಗ ಮಾತ್ರ ಅದು ಸಾಕ್ಷ್ಯವಾಗುತ್ತದೆ, ಏಕೆಂದರೆ ಆಗ ಮಾತ್ರ ಬೆಂಗಳೂರಿನ ಫಲಿತಾಂಶ ಟೋಕಿಯೋದಲ್ಲಿ ಸುಳ್ಳೆಂದು ತೋರಬಹುದು ಅಥವಾ ನಿಜವೆಂದು ನಿಲ್ಲಬಹುದು. ಶುದ್ಧೀಕರಣ ಕೊಟ್ಟದ್ದು ವಸ್ತುವನ್ನು, ಕಸಿ ಕೊಟ್ಟದ್ದು ಅದರ ಹಂಚಿಕೆಯನ್ನು. ವಿಜ್ಞಾನ ನಡೆಯುವುದು ಹಂಚಿಕೆಯಲ್ಲಿ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಬ್ಯಾಕ್ಟೀರಿಯಾ ತಯಾರಿಸಿದ್ದನ್ನು ಮನುಷ್ಯರ ಪ್ರೋಟೀನ್ ಎನ್ನಬಹುದೇ? ನಮ್ಮ ಕೋಶಗಳು ಹಲವು ಪ್ರೋಟೀನುಗಳಿಗೆ ಸಕ್ಕರೆಯ ಎಳೆಗಳನ್ನು ಪೋಣಿಸುತ್ತವೆ. ಪ್ರಯೋಗಾಲಯದ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಆ ಕಸುಬು ಬಾರದು. ಔಷಧವಾಗಿ ಮೊದಲು ಬಂದ ಬೀಟಾ ಇಂಟರ್‌ಫೆರಾನಿನಲ್ಲಂತೂ ಸಕ್ಕರೆ ಇಲ್ಲದ್ದು ಸಾಲದೆಂಬಂತೆ, ಪ್ರೋಟೀನ್ ಗಟ್ಟಿಯಾಗಿ ಉಳಿಯಲೆಂದು ಹದಿನೇಳನೆಯ ಜಾಗದ ಅಮೈನೋ ಆಮ್ಲವನ್ನೇ ಬದಲಿಸಲಾಗಿತ್ತು. ಇದಕ್ಕಿಂತ ಅಪಾಯಕಾರಿ ಸಂಗತಿ ಎಂಡೋಟಾಕ್ಸಿನ್. ಇದು ಬ್ಯಾಕ್ಟೀರಿಯಾದ ಹೊರಪೊರೆಯ ಒಂದು ವಿಷ. ನಮ್ಮ ರೋಗನಿರೋಧಕ ಕೋಶಗಳು ಇದರ ತೀರ ಸಣ್ಣ ಅಂಶಕ್ಕೂ ಕೆರಳುತ್ತವೆ. 1990ರ ದಶಕದ ಕೊನೆಗೆ ಮನುಷ್ಯರ ಶಾಖಾಘಾತ ಪ್ರೋಟೀನುಗಳು ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತವೆಂದು ಹಲವು ಪ್ರಬಂಧಗಳು ಬಂದವು. ಪ್ರಯೋಗಕ್ಕೆ ಬಳಸಿದ್ದು ಬ್ಯಾಕ್ಟೀರಿಯಾದಲ್ಲಿ ತಯಾರಾದ ಪ್ರೋಟೀನುಗಳು. 2003ರಲ್ಲಿ ಗಾವೋ ಮತ್ತು ತ್ಸಾನ್ ಎಂಡೋಟಾಕ್ಸಿನನ್ನು ಚೆನ್ನಾಗಿ ತೊಳೆದ ಪ್ರೋಟೀನಿನಿಂದ ಅದೇ ಪ್ರಯೋಗ ಮಾಡಿದಾಗ ಕೋಶಗಳು ಎಚ್ಚರಗೊಳ್ಳಲಿಲ್ಲ. ಇಂಟರ್‌ಫೆರಾನನ್ನು ಕಾಡಿದ ಹಳೆಯ ಪ್ರಶ್ನೆ, ಇದು ವಸ್ತುವಿನ ಕೆಲಸವೋ ಕಲ್ಮಶದ ಕೆಲಸವೋ ಎಂಬುದು, ರೀಕಾಂಬಿನೆಂಟ್ ಯುಗದಲ್ಲೂ ಬೇರೆ ವೇಷದಲ್ಲಿ ಮರಳಿ ಬಂದಿತ್ತು. ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಒಂದು ವ್ಯತ್ಯಾಸವಿದೆ. ಹೆಲ್ಸಿಂಕಿಯ ಪುಡಿಯಲ್ಲಿದ್ದ ಕಲ್ಮಶಗಳಿಗೆ ಹೆಸರಿರಲಿಲ್ಲ, ಇಲ್ಲಿಯ ಕಲ್ಮಶಕ್ಕೆ ಹೆಸರಿದೆ. ಹೆಸರಿದ್ದದ್ದನ್ನು ಅಳೆಯಬಹುದು, ತೆಗೆಯಬಹುದು, ತೆಗೆದ ಮೇಲೆ ಫಲಿತಾಂಶ ಉಳಿಯಿತೇ ಎಂದು ನೋಡಬಹುದು. ಇಂದಿನ ಸೀಸೆಗಳ ಚೀಟಿಯಲ್ಲಿ ಎಂಡೋಟಾಕ್ಸಿನಿನ ಮಿತಿಯನ್ನು ನಮೂದಿಸುವುದು, ಸಕ್ಕರೆಯ ಎಳೆ ಬೇಕಾದಲ್ಲಿ ಸಸ್ತನಿಗಳ ಕೋಶಗಳಲ್ಲಿ ತಯಾರಿಸುವುದು, ಎರಡೂ ಇಂಥ ತಪ್ಪುಗಳು ಕಲಿಸಿದ ಎಚ್ಚರ. ಖಚಿತತೆ ಎಂದರೆ ತಪ್ಪೇ ಇಲ್ಲದಿರುವುದಲ್ಲ, ತಪ್ಪನ್ನು ಹಿಡಿಯಲು ಬರುವುದು.

ಮೂರನೆಯ ಆಕ್ಷೇಪ ಋಣದ್ದು. ಕ್ಯಾನ್ಸರಿನ ಆಸೆ ಇಲ್ಲದಿದ್ದರೆ ದುಡ್ಡು ಬರುತ್ತಿತ್ತೇ, ಕಂಪನಿಗಳು ಕೈಹಾಕುತ್ತಿದ್ದವೇ, ಸೀಸೆ ಹುಟ್ಟುತ್ತಿತ್ತೇ? ಬಹುಶಃ ಅಷ್ಟು ಬೇಗ ಹುಟ್ಟುತ್ತಿರಲಿಲ್ಲ. ಔಷಧದ ಆಸೆಯೇ ಸೀಸೆಗೆ ಹಣ ಕಟ್ಟಿತು ಎಂಬುದನ್ನು ಒಪ್ಪಲೇಬೇಕು. ಆದರೆ ಬೆಳೆಗೆ ಸಾಲ ಕೊಟ್ಟವರು ಯಾರು ಎಂಬುದರಿಂದ ಬೆಳೆ ಯಾವುದೆಂದು ತೀರ್ಮಾನವಾಗುವುದಿಲ್ಲ. ಋಣದ ಮಾತು ಬಂದ ಮೇಲೆ ಇನ್ನೂ ಹಿಂದಕ್ಕೆ ಹೋಗಬೇಕು. ಮೊದಲ ಜೀನಿನ ಮೂಲ ಹೆಸರಿಲ್ಲದ ಫಿನ್ಲೆಂಡಿನ ರಕ್ತದಾನಿಗಳ ಬಿಳಿಕಣ. ಕಾಂಟೆಲ್ ತಮ್ಮ ವಿಧಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಕೇಳಿದವರಿಗೆ ಹೇಳಿಕೊಟ್ಟರು. ಇದರ ಎದುರಿಗೆ ಇನ್ನೊಂದು ಪ್ರಸಂಗವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಬ್ಬ ಲ್ಯುಕೀಮಿಯಾ ರೋಗಿಯಿಂದ ಬೆಳೆಸಿದ ಕೆಜಿ-1 ಎಂಬ ಕೋಶಗಳು ಸಂಶೋಧಕರ ಕೈಯಿಂದ ಕೈಗೆ ಸಾಗಿ ರೋಶ್ ತಲುಪಿ, ಇಂಟರ್‌ಫೆರಾನ್ ಜೀನಿನ ಹುಡುಕಾಟಕ್ಕೆ ಬಳಕೆಯಾದವು. ಅವುಗಳ ಒಡೆತನ ಯಾರದೆಂಬ ವಿಶ್ವವಿದ್ಯಾಲಯ ಮತ್ತು ಕಂಪನಿಗಳ ಜಗಳ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಹೊರಗೇ ರಾಜಿಯಾಯಿತು. ವಿಜ್ಞಾನಿಗಳು ಮಜ್ಜಿಗೆಯಂತೆ ನೆರೆಮನೆಗೆ ಕೊಟ್ಟುಕೊಂಡು ಬಂದಿದ್ದ ಕೋಶ, ಜೀನುಗಳಿಗೆ ಬೆಲೆಚೀಟಿ ಅಂಟಿದ್ದು ಈ ಕಾಲದಲ್ಲಿಯೇ. ಎಲ್ಲರ ಕೈಗೂ ಸಿಗುವ ಸೀಸೆ ಎಂದು ಮೇಲೆ ಹೇಳಿದ್ದಕ್ಕೆ ಆದ್ದರಿಂದ ಒಂದು ತಿದ್ದುಪಡಿ ಬೇಕು: ಅದು ಬೆಲೆ ತೆರಬಲ್ಲ ಎಲ್ಲರ ಕೈಗೂ ಸಿಗುತ್ತದೆ. ಡಾಲರಿನಲ್ಲಿ ಬೆಲೆ ಕಟ್ಟಿ, ಮಂಜುಗಡ್ಡೆಯಲ್ಲಿಟ್ಟು ತರಿಸಿಕೊಳ್ಳಬೇಕಾದ ನಮ್ಮಂಥ ದೇಶಗಳ ಪ್ರಯೋಗಾಲಯಗಳಿಗೆ ಈ ತಿದ್ದುಪಡಿ ಸಣ್ಣದಲ್ಲ.

ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್ನಿನಲ್ಲಿ ಮೊಟ್ಟೆಯ ಪೊರೆಗಳನ್ನು ಎಣಿಸುತ್ತಿದ್ದ 1957ರಲ್ಲಿಯೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿ ಹೊಸ ವೈರಸ್ಸೊಂದನ್ನು ಗುರುತಿಸಿದರು. ಮಂಗನ ಕಾಯಿಲೆ ಎಂದು ಮಲೆನಾಡು ಕರೆಯುವ ಆ ರೋಗಕ್ಕೆ ನೇರವಾದ ಮದ್ದು ಇಂದಿಗೂ ಇಲ್ಲ. ಆ ವೈರಸ್ ಸೇರಿದ ಫ್ಲಾವಿವೈರಸ್ ಕುಲದ ಹಲವು ವೈರಸ್ಸುಗಳು ಇಂಟರ್‌ಫೆರಾನಿನ ಸದ್ದು ಕೋಶದೊಳಗೆ ಕೇಳದಂತೆ ಮಾಡುವ ಉಪಾಯ ಬಲ್ಲವು. ಆ ಉಪಾಯ ಏನೆಂದು ಅರಿಯಹೊರಟವರು ಮೊದಲು ಕೈ ಚಾಚುವುದು ಇದೇ ಸೀಸೆಗೆ. ಇಂಟರ್‌ಫೆರಾನ್ ಸೋತ ಔಷಧ ಎಂದು ಬರೆಯುವ ಚರಿತ್ರೆ ಅದನ್ನು ತಪ್ಪು ತಕ್ಕಡಿಯಲ್ಲಿ ತೂಗಿದೆ. ಮನುಷ್ಯರಿಗೆ ಕೊಡತಕ್ಕದ್ದಲ್ಲ ಎಂದು ಚೀಟಿ ಹೊತ್ತ ಪುಡಿಯಿಂದ ಮನುಷ್ಯರಿಗೆ ಆದ ಉಪಕಾರ, ಕೊಡಲೆಂದೇ ತಯಾರಿಸಿದ್ದರಿಂದ ಆದದ್ದಕ್ಕಿಂತ ಕಡಿಮೆಯಲ್ಲ.